ಶುಗರ್ ಇರುವ ಅಮ್ಮ, ಆರು ವರ್ಷದ ಮಗು ಜೊತೆ ಕಾರವಾರ, ಗೋಕರ್ಣ, ಯಾಣ, ಶಿರಸಿ ಸುತ್ತಬಹುದಾ? ಏನೇನು ಜಾಗ್ರತೆ ಬೇಕು?

ಧಾರಾಳವಾಗಿ ಬನ್ನಿ. ದಸರಾ ರಜೆಗೆ ಕಾರಿನಲ್ಲಿ ಬರುತ್ತೇವೆ, ಅಮ್ಮನಿಗೆ ಶುಗರ್, ಬಿಪಿ ಎರಡೂ ಇದೆ, ಮಂಗನ ಕಾಯಿಲೆ ಸುದ್ದಿ ಓದಿ ಭಯ ಆಗಿದೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಕುಮಟಾದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ರಜೆ ಬಂತೆಂದರೆ ಪ್ರವಾಸಿಗರು ಏನೇನು ಮಾಡಿಕೊಂಡು ನಮ್ಮ ಕೌಂಟರಿಗೆ ಬರುತ್ತಾರೆ ಅನ್ನೋದು ಚೆನ್ನಾಗಿ ಗೊತ್ತು. ಹಾಗೆ ನೋಡಿದರೆ ಇಲ್ಲಿ ಹೆದರಬೇಕಾದದ್ದು ಎರಡಕ್ಕೆ. ಒಂದು ನೀರು. ಇನ್ನೊಂದು, ದೊಡ್ಡ ಆಸ್ಪತ್ರೆ ಎಷ್ಟು ದೂರ ಅನ್ನೋದು.

ಮಂಗನ ಕಾಯಿಲೆ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಇದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ಹರಡುವುದು ಉಣುಗು ಕಚ್ಚಿ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದ ಕಡೆ 2024ರಲ್ಲಿ ಜಾಸ್ತಿ ಕಾಣಿಸಿಕೊಂಡಿತ್ತು, ಸುಳ್ಳಲ್ಲ. ಆದರೆ ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಅದೂ ದರಕು (ಒಣಗಿ ಬಿದ್ದ ಎಲೆ), ಕಟ್ಟಿಗೆ ತರೋಕೆ ಕಾಡಿಗೆ ಹೋಗುವವರಿಗೆ, ಕಾಡಂಚಿನ ತೋಟದಲ್ಲಿ ದುಡಿಯುವವರಿಗೆ ಬರೋದು ಹೆಚ್ಚು. ದಸರೆಗೆ ಬಂದು ಬೀಚು, ದೇವಸ್ಥಾನ ನೋಡಿಕೊಂಡು ಹೋಗುವವರು ಅದಕ್ಕಾಗಿ ಪ್ರವಾಸ ಕೈಬಿಡಬೇಕಾಗಿಲ್ಲ. ಮುಂದೆ ಯಾವತ್ತಾದರೂ ಬೇಸಿಗೆಯಲ್ಲಿ ಬಂದು ಆ ಕಡೆ ಕಾಡು ಸುತ್ತಿದರೆ, ಸತ್ತ ಮಂಗ ಕಂಡಲ್ಲಿ ಹತ್ತಿರ ಹೋಗಬೇಡಿ, ವಾಪಸ್ ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರು ಸ್ನಾನ ಮಾಡಿ. ಊರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಇಂಥ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಬೆಂಗಳೂರಿನಲ್ಲಿ ಕೂತವರಿಗೆ ಅದು ತಕ್ಷಣ ಹೊಳೆಯಲಿಕ್ಕಿಲ್ಲ.

ದಸರೆ ಸಮಯದಲ್ಲಿ ನಿಮಗೆ ಸಿಗುವುದು ಇಂಬಳ, ಅಂದರೆ ಜಿಗಣೆ. ಯಾಣದ ದಾರಿಯಲ್ಲಿ, ವಿಭೂತಿ ಜಲಪಾತದ ಕಡೆ, ಮಳೆ ಬಿದ್ದ ಮರುದಿನ ಕಾಲಿಗೆ ಹತ್ತಿಯೇ ಹತ್ತುತ್ತದೆ. ಎಳೆದು ಕೀಳಬೇಡಿ, ಚಿಟಿಕೆ ಉಪ್ಪು ಹಾಕಿದರೆ ತಾನೇ ಬೀಳುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ, ಹಾಗಾಗಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತಿರುತ್ತದೆ. ಮಗು ಅದನ್ನು ನೋಡಿ ಕಿರುಚುತ್ತದೆ, ಅಷ್ಟೇ. ಅಮ್ಮ ಇಕೋಸ್ಪ್ರಿನ್ ಥರದ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜಾಸ್ತಿ ಹೊತ್ತು ಸೋರಬಹುದು, ಹತ್ತಿ ಇಟ್ಟು ಒತ್ತಿ ಹಿಡಿಯಿರಿ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಸಮುದ್ರಕ್ಕೆ ಇಳಿಯಲೇಬಾರದು ಅಂತ ಎಲ್ಲರಿಗೂ ಗೊತ್ತು. ಮಳೆಗಾಲ ಮುಗಿದ ಮೇಲೆ ಸಮುದ್ರ ಸಾಧುವಾಗಿ ಕಾಣುತ್ತದೆ ನೋಡಿ, ಅಪಾಯ ಇರೋದೇ ಆಗ. 2024ರ ಡಿಸೆಂಬರಿನಲ್ಲಿ, ಅಂದರೆ ಮಳೆಯ ಸುಳಿವೇ ಇಲ್ಲದ ಕಾಲದಲ್ಲಿ, ಶಾಲಾ ಪ್ರವಾಸಕ್ಕೆಂದು ಕೋಲಾರದ ಕಡೆಯಿಂದ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಹೊರಗಿನಿಂದ ಬಂದವರು ಏನು ಮಾಡುತ್ತಾರೆ ಅಂದರೆ, ಅಲೆ ಜೋರಾಗಿ ಒಡೆಯುವ ಕಡೆ ಬಿಟ್ಟು, ನಡುವೆ ಎಲ್ಲೋ ಅಲೆಯೇ ಇಲ್ಲದ, ಶಾಂತವಾಗಿ ಕಾಣುವ ಪಟ್ಟಿ ಇದ್ದರೆ ಅದೇ ಸೇಫ್ ಅಂದುಕೊಂಡು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಸಮುದ್ರಕ್ಕೆ ಹೋಗುವ ದಾರಿ ಎಷ್ಟೋ ಸಲ ಅದೇ ಆಗಿರುತ್ತದೆ. ಸೆಳೆತ ಇರೋದು ಅಲ್ಲೇ. ಆ ಪಟ್ಟಿಯಲ್ಲಿ ನೀರಿನ ಬಣ್ಣ ಸ್ವಲ್ಪ ಬೇರೆ ಇರುತ್ತದೆ, ನೊರೆ, ಕಸ ದಡದಿಂದ ಸಮುದ್ರದ ಕಡೆಗೆ ಸರಿಯುತ್ತಾ ಇರುತ್ತದೆ. ನೀರಿಗೆ ಇಳಿಯುವ ಮುಂಚೆ ಐದು ನಿಮಿಷ ಸುಮ್ನೆ ದಡದಲ್ಲಿ ನಿಂತು ನೋಡಿ, ನಿಮಗೇ ಕಾಣುತ್ತದೆ.

ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆ ನೇರವಾಗಿ ಈಜೋಕೆ ಹೋಗಬೇಡಿ, ಸುಸ್ತಾಗಿ ಮುಳುಗೋದು ಹಾಗೇ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಗೆ ಬರಬೇಕು. ಈಜು ಬರದವರು ಮೊಣಕಾಲಿಗಿಂತ ಮೇಲೆ ನೀರು ಬರುವ ಕಡೆ ಹೋಗಲೇಬಾರದು, ಮಗುವಿನ ಕೈ ಬಿಡಬಾರದು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳೇ ಜಾರುತ್ತದೆ, ಮಗುವಿನ ತೂಕಕ್ಕೆ ಅಷ್ಟು ಸಾಕು. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡಬೇಡಿ ದಯವಿಟ್ಟು. ಮಗುವಿಗೆ ನೀರಾಟ ಆಡಿಸಲೇಬೇಕು ಅಂದರೆ ಹೊನ್ನಾವರದ ಕಾಸರಕೋಡು ಇಕೋ ಬೀಚ್‌ಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚ್ ಅದು, ಕುಟುಂಬದವರಿಗೆ ಅನುಕೂಲ. ಗೋಕರ್ಣದ ಓಂ ಬೀಚಿನ ಬಂಡೆಗಳ ಮೇಲೆ ನಿಂತು ಫೋಟೋ ಬೇಡ, ಪಾಚಿ ಕಟ್ಟಿರುತ್ತದೆ. ಶಿರಸಿ ಹತ್ತಿರದ ಸಹಸ್ರಲಿಂಗದಲ್ಲೂ ಅಷ್ಟೇ. ಶಾಲ್ಮಲಾ ನದಿ ಮೇಲ್ಗಡೆ ಎಲ್ಲೋ ಮಳೆ ಆದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ.

ಇನ್ನು ದೂರ. ಕುಮಟಾ, ಶಿರಸಿ, ಅಂಕೋಲಾ, ಹೊನ್ನಾವರ ಎಲ್ಲ ಕಡೆ ತಾಲೂಕು ಆಸ್ಪತ್ರೆ ಇದೆ, ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ನಾಯಿ ಅಥವಾ ಮಂಗ ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಲ್ಲಿಗೇ ಹೋಗಿ. ಆದರೆ ಹಾರ್ಟ್, ತಲೆಗೆ ಪೆಟ್ಟು, ಇಂಥ ದೊಡ್ಡ ತೊಂದರೆಗೆ ನಾವೇ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡುತ್ತೇವೆ. ಯಾವ ಕಡೆ ಹೋದರೂ ಎರಡರಿಂದ ಮೂರು ಗಂಟೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜನ ದೊಡ್ಡ ಹೋರಾಟವನ್ನೇ ಮಾಡಿದರು. ಇರಲಿ, ಅದು ಬೇರೆ ಕಥೆ. ನಿಮಗೆ ಹೇಳೋದೇನೆಂದರೆ ಅಮ್ಮನನ್ನು ಹೊರಡುವ ಮುಂಚೆಯೇ ಒಮ್ಮೆ ಅವರ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ. ಎದೆ ಹಿಡಿದ ಹಾಗೆ ಆಗುತ್ತಿದೆ ಅಂದರೆ ಗ್ಯಾಸ್ ಇರಬಹುದು ಅಂತ ನಮ್ಮ ಅಂಗಡಿಗೆ ಬಂದು ಮಾತ್ರೆ ಕೇಳಬೇಡಿ, ಸೀದಾ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮಾತ್ರೆ ಬಗ್ಗೆ ಒಂದು ಮಾತು. ಪ್ರತಿ ರಜೆಯಲ್ಲೂ ಯಾರಾದರೊಬ್ಬರು ಬಂದು, 'ಅಮ್ಮನ ಬಿಪಿ ಮಾತ್ರೆ ಮನೇಲೇ ಉಳೀತು, ಸಣ್ಣದು, ಬಿಳಿ, ದುಂಡಗಿದೆ, ಬೆಳಿಗ್ಗೆ ತಗೊಳ್ಳೋದು, ಕೊಡಿ' ಅನ್ನುತ್ತಾರೆ. ಕಪಾಟಿನಲ್ಲಿ ಅರ್ಧಕ್ಕರ್ಧ ಮಾತ್ರೆ ಸಣ್ಣದು, ಬಿಳಿ, ದುಂಡಗೇ ಇರೋದು! ಹೆಸರು ಕಾಣುವ ಹಾಗೆ ಪ್ರತಿ ಸ್ಟ್ರಿಪ್‌ನ ಹಿಂಬದಿಯ ಫೋಟೋ, ಚೀಟಿಯ ಫೋಟೋ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ಬೇಕಾದ್ದಕ್ಕಿಂತ ನಾಲ್ಕೈದು ದಿನಕ್ಕೆ ಜಾಸ್ತಿ ತನ್ನಿ, ಎರಡು ಬ್ಯಾಗಿನಲ್ಲಿ ಹಂಚಿಡಿ. ಇನ್ಸುಲಿನ್ ಇದ್ದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಹಾಗಂತ ಐಸಿಗೆ ತಾಗಿಸಿಯೂ ಇಡಬಾರದು, ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ, ಅಮ್ಮನ ಪಾದ. ಯಾಣದಲ್ಲಿ ದೇವಸ್ಥಾನದ ಹತ್ತಿರ ಚಪ್ಪಲಿ ಬಿಡಬೇಕು, ಗೋಕರ್ಣದಲ್ಲೂ ಬರಿಗಾಲು, ಬೀಚಿನಲ್ಲಂತೂ ಕೇಳೋದೇ ಬೇಡ. ಶುಗರ್ ಹಳೆಯದಾದವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರುತ್ತದೆ, ಚಿಪ್ಪು ಚುಚ್ಚಿದ್ದೇ ಗೊತ್ತಾಗುವುದಿಲ್ಲ. ರಾತ್ರಿ ರೂಮಿಗೆ ಬಂದ ಮೇಲೆ ಟಾರ್ಚ್ ಹಾಕಿ ಅಂಗಾಲು, ಬೆರಳ ಸಂದಿ ನೋಡಿ. ಗಾಯ ಇದ್ದರೆ ತೊಳೆದು, ಒರೆಸಿ, ಪಟ್ಟಿ ಕಟ್ಟಿ, ನಿಂತ ಮಳೆನೀರಿನಲ್ಲಿ ಕಾಲಿಡಿಸಬೇಡಿ. ಕರಾವಳಿಯಲ್ಲಿ ಇಲಿ ಜ್ವರ ಇದೆ, ಇಲಿಯ ಮೂತ್ರ ಬೆರೆತ ನೀರಿನಿಂದ ಅದು ಗಾಯದ ಮೂಲಕ ಒಳಗೆ ಹೋಗುತ್ತದೆ.

ಊಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಿಸಿಯಾಗಿ ಬಡಿಸಿದ್ದು ತಿನ್ನಿ, ಕುದಿಸಿದ ನೀರು ಕೇಳಿ ಪಡೆಯಿರಿ, ಐಸ್ ಹಾಕಿದ ಕಬ್ಬಿನಹಾಲು ಬಿಟ್ಟುಬಿಡಿ. ಕೋಕಂ ಶರಬತ್ತಿನಲ್ಲಿ ಸಕ್ಕರೆ ಸುರಿದಿರುತ್ತಾರೆ, ಅಮ್ಮನಿಗೆ ಅದರ ಬದಲು ಸೋಲ್ ಕಡಿ (ಕೋಕಂ, ತೆಂಗಿನಹಾಲು ಸೇರಿಸಿ ಮಾಡುವ ಖಾರದ ಪಾನೀಯ) ಇರಲಿ. ಮಗು ಸಿಗಡಿ, ಚಿಪ್ಪೆಕಲ್ಲು (ಚಿಪ್ಪಿನೊಳಗಿನ ಮೀನು) ಯಾವತ್ತೂ ತಿಂದಿಲ್ಲ ಅಂದರೆ ಮೊದಲ ಸಲಕ್ಕೆ ಸ್ವಲ್ಪವೇ ಕೊಟ್ಟು ನೋಡಿ, ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತದೆ. ವಾಂತಿ ಭೇದಿ ಆದರೆ ಕುಡಿಸೋಕೆ ಓಆರ್‌ಎಸ್ ಪ್ಯಾಕೆಟ್ ಬ್ಯಾಗಿನಲ್ಲಿ ಇರಲಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ, ಮೇಲೆ ರಾಶಿ ಬರದ ಹಾಗೆ ಮಟ್ಟಸವಾಗಿ ಅಳೆಯಬೇಕು.

ಯಾಣದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಬೇಕು, ತಿರುವು ತಿರುವು. ವಾಂತಿ ಮಾತ್ರೆಯನ್ನು ಘಟ್ಟದ ಮಧ್ಯೆ ಕೊಟ್ಟರೆ ಪ್ರಯೋಜನ ಇಲ್ಲ, ಒಂದು ಗಂಟೆ ಮುಂಚೆ ಕೊಡಬೇಕು. ಮಗುವಿಗೆ ಎಷ್ಟು ಅನ್ನೋದನ್ನು ಅದರ ತೂಕ ನೋಡಿ ನಿಮ್ಮ ಮಕ್ಕಳ ಡಾಕ್ಟರೇ ಹೇಳಲಿ. ಹೊಟ್ಟೆ ತುಂಬಾ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬೇಡ, ಫೋನಿನಲ್ಲಿ ಕಾರ್ಟೂನ್ ಅಂತೂ ಬೇಡವೇ ಬೇಡ. ಘಟ್ಟವನ್ನು ಹಗಲಲ್ಲೇ ದಾಟಿ. ನೆಟ್‌ವರ್ಕ್ ಹಲವು ಕಡೆ ಸಿಗುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಎಷ್ಟೊತ್ತಿಗೆ ಬರುತ್ತೇವೆ ಅಂತ ಉಳಿಯುವ ಮನೆಯವರಿಗೆ ಹೇಳಿಡಿ. 108, 112 ಗೊತ್ತೇ ಇದೆಯಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನೆನಪಿರಬಹುದು. ದಸರೆ ಹೊತ್ತಿಗೆ ಅಷ್ಟು ಮಳೆ ಇರೋದಿಲ್ಲ, ಆದರೂ ಹಿಂದಿನ ಎರಡು ದಿನ ಜೋರಾಗಿ ಸುರಿದಿದ್ದರೆ ಹೊರಡುವ ಬೆಳಿಗ್ಗೆ ಶಿರಸಿ ಕಡೆಯವರಿಗೊಂದು ಫೋನ್ ಮಾಡಿ ರಸ್ತೆ ತೆರೆದಿದೆಯಾ ಕೇಳಿ. ಬಂದ್ ಇದ್ದರೆ ಅಂಕೋಲಾಕ್ಕೆ ಹೋಗಿ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಶಿರಸಿಗೆ ಬನ್ನಿ. ಸುತ್ತು ಜಾಸ್ತಿ, ಅಮ್ಮನ ಊಟ, ಮಾತ್ರೆಯ ಹೊತ್ತು ಲೆಕ್ಕ ಹಾಕಿಕೊಂಡೇ ಹೊರಡಿ.