ಬಿಯರ್ ಚೆನ್ನಾಗಿಲ್ಲವೋ, ಬಾಟಲಿ ಕೆಟ್ಟಿದೆಯೋ?

ಪ್ರಶ್ನೆ: ಸರ್, ಎಲ್ಲರೂ ಹೊಗಳುವ ಒಂದು ಯುರೋಪಿನ ಲಾಗರ್ ಬಿಯರ್ ತಂದೆ. ಹಸಿರು ಬಾಟಲಿ. ಮುಚ್ಚಳ ತೆಗೆದ ಕೂಡಲೇ ಬೆಳ್ಳುಳ್ಳಿ, ರಬ್ಬರ್ ಎರಡೂ ಸೇರಿ ಸುಟ್ಟ ಹಾಗೆ ವಾಸನೆ. ಐದಕ್ಕೆ ಒಂದು ಅಂಕ ಕೊಟ್ಟು ವಿಮರ್ಶೆ ಬರೆದೆ. ಸ್ನೇಹಿತರೆಲ್ಲ ನಿನಗೆ ಬಿಯರ್ ಗೊತ್ತಿಲ್ಲ ಅಂತ ಜಗಳಕ್ಕೆ ಬಂದರು. ನನ್ನ ಮೂಗು ಸರಿ ಇಲ್ವಾ?

ನಿಮ್ಮ ಮೂಗು ಸರಿಯಾಗಿಯೇ ಇದೆ. ತಪ್ಪಿದ್ದು ಅಂಕ.

ನೀವು ಕುಡಿದದ್ದು ಬೆಳಕು ತಗುಲಿದ ಬಿಯರ್. ಕಹಿಗಾಗಿ ಹಾಕುವ ಹೂವು, ಅಂದರೆ ಹಾಪ್ಸ್‌ನ ಅಂಶ ಬೆಳಕಿಗೆ ತುಂಬಾ ಸೂಕ್ಷ್ಮ. ಬಿಯರ್‌ನಲ್ಲಿ ಸಹಜವಾಗಿಯೇ ಇರುವ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಬೆಳಕನ್ನು ಹೀರಿಕೊಂಡು ಆ ಕಹಿ ಅಂಶವನ್ನು ಒಡೆಯುತ್ತದೆ. ಒಡೆದ ತುಂಡಿಗೆ ಗಂಧಕ ಸೇರಿಕೊಂಡು ಹೊಸದೊಂದು ವಸ್ತು ಹುಟ್ಟುತ್ತದೆ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುವಷ್ಟು ಗಾಟು ಅದು. ಬಿಯರ್ ಬಲ್ಲವರು ಇದನ್ನು ಸ್ಕಂಕ್ ಅನ್ನುವ ನಾರುವ ಪ್ರಾಣಿಯ ವಾಸನೆ ಅನ್ನುತ್ತಾರೆ. ಆ ಪ್ರಾಣಿಯನ್ನೇ ಕಾಣದವರಿಗೆ ಆ ಹೆಸರಿನಿಂದ ಉಪಯೋಗ ಇಲ್ಲ. ನೀವು ಹೇಳಿದ ಬೆಳ್ಳುಳ್ಳಿ ಮತ್ತು ಸುಟ್ಟ ರಬ್ಬರ್ ಎಷ್ಟೋ ಚೆನ್ನಾಗಿದೆ.

ಇದರಿಂದ ಕಾಪಾಡುವುದರಲ್ಲಿ ಕಂದು ಗಾಜು ವಾಸಿ. ಹಸಿರು ಗಾಜಿನಿಂದ ಹೆಚ್ಚು ಪ್ರಯೋಜನ ಇಲ್ಲ, ಬಣ್ಣವಿಲ್ಲದ ಗಾಜಿನಿಂದ ಏನೂ ಇಲ್ಲ. ಬಿಸಿಲಿನಲ್ಲಿ ಕೆಲವು ನಿಮಿಷ ಇಟ್ಟರೂ ಸಾಕು, ಕೆಡುತ್ತದೆ. ಅಂಗಡಿಯ ದೀಪದ ಕೆಳಗೆ ನಿಧಾನವಾಗಿ ಕೆಡುತ್ತದೆ, ಅಷ್ಟೇ ವ್ಯತ್ಯಾಸ. ಕ್ಯಾನ್‌ಗೆ ಈ ತೊಂದರೆಯೇ ಇಲ್ಲ. ಕ್ಯಾನ್ ಬಿಯರ್ ಅಂದರೆ ಅಗ್ಗದ್ದು ಅನ್ನುವ ಭಾವನೆ ಇನ್ನೂ ಹಲವರಲ್ಲಿದೆ, ದಯವಿಟ್ಟು ಬಿಟ್ಟುಬಿಡಿ. ದೂರದಿಂದ ಬರುವ ಬಿಯರ್‌ಗೆ ಅದರಷ್ಟು ಒಳ್ಳೆಯ ಮನೆ ಇನ್ನೊಂದಿಲ್ಲ.

ಬೆಳಕಿನ ಜೊತೆಗೆ ಬಿಸಿಯೂ ಶತ್ರು. ಆಮದು ಬಿಯರ್ ಹಡಗು, ಗೋದಾಮು, ಲಾರಿ, ಅಂಗಡಿ ಎಲ್ಲ ದಾಟಿ ಬರಬೇಕಲ್ವಾ? ಬಿಯರ್ ಉದ್ಯಮದಲ್ಲಿ 3-30-300 ಅನ್ನುವ ಒಂದು ಅಂದಾಜು ಲೆಕ್ಕ ಇದೆ. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟರೆ ಬಿಯರ್ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಹಳತಾಗುತ್ತದೆ. ಹಳತಾದ ಬಿಯರ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ, ನಾಲಿಗೆಗೆ ಮಂಕಾಗುತ್ತದೆ. ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ತರಹದ ಬಿಯರ್‌ನಲ್ಲಿ ಮೊದಲು ಹೋಗುವುದೇ ಹಾಪ್ಸ್‌ನ ಘಮ. ಘಮ ಹೋದ ಐಪಿಎಯಲ್ಲಿ ಸಿಹಿ ಮತ್ತು ಕಹಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ.

ನಾನೂ ಹೀಗೇ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಪೇಲ್ ಏಲ್ ಬಗ್ಗೆ ಅಂಟು ಸಿಹಿ, ಹಾಪ್ಸ್ ಹಾಕಿದ್ದಾರೋ ಇಲ್ಲವೋ ಅನುಮಾನ ಅಂತ ಕಟುವಾಗಿ ಬರೆದಿದ್ದೆ. ಆಮೇಲೆ ಅದೇ ಬಿಯರ್‌ನ ಹೊಸ ಕ್ಯಾನ್ ಸಿಕ್ಕಿತು, ತುಂಬಿ ಮೂರು ವಾರ ಆಗಿತ್ತಷ್ಟೇ. ಸುರಿಯುವಾಗಲೇ ಕಿತ್ತಳೆ ಸಿಪ್ಪೆಯ ಘಮ ಮೇಜಿನ ಆಚೆ ಕೂತವರಿಗೂ ಹೋಯಿತು. ಹಳೇ ಬಾಟಲಿಯ ಮೇಲಿನ ದಿನಾಂಕವನ್ನು ನಾನು ನೋಡಿಯೇ ಇರಲಿಲ್ಲ. ವಿಮರ್ಶೆ ತೆಗೆದುಹಾಕಿ ಮತ್ತೆ ಬರೆದೆ. ಆ ಬಿಯರ್ ಮಾಡಿದವರ ಕೆಲಸಕ್ಕೆ ನಾನು ಅನ್ಯಾಯ ಮಾಡಿದ್ದೆ ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಮೊದಲು ದಿನಾಂಕ ನೋಡಿ. ಕೆಲವರು ತುಂಬಿದ ದಿನ ಹಾಕುತ್ತಾರೆ, ಕೆಲವರು ಇಂಥ ದಿನದೊಳಗೆ ಬಳಸಿ ಅಂತ ಹಾಕುತ್ತಾರೆ. ಈ ಎರಡನೆಯದನ್ನು ನಂಬಿ ವಯಸ್ಸು ಲೆಕ್ಕ ಹಾಕಬೇಡಿ, ಗಡುವು ಎಷ್ಟು ತಿಂಗಳು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಇಟ್ಟಿರುತ್ತಾರೆ. ವಿಮರ್ಶೆಯಲ್ಲಿ ಬಾಟಲಿಯೋ ಕ್ಯಾನೋ, ದಿನಾಂಕ ಏನು, ಫ್ರಿಜ್‌ನಿಂದ ತಂದದ್ದೋ ಬೆಳಕು ಬೀಳುವ ಕಪಾಟಿನಿಂದಲೋ, ಇಷ್ಟು ಬರೆಯಿರಿ. ಕೆಟ್ಟ ವಾಸನೆ ಬಂದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅಂಕ ಮಾತ್ರ ತಡೆಹಿಡಿಯಿರಿ. ಇನ್ನೊಂದು ಬಾಟಲಿ, ಸಾಧ್ಯವಾದರೆ ಬೇರೆ ಕಡೆಯಿಂದ ತಂದದ್ದು, ಕುಡಿದ ಮೇಲೆ ಕೊಡಿ.

ಪ್ರಶ್ನೆ: ವಿಮರ್ಶೆಗಳಲ್ಲಿ ಮಾವು, ಪೈನ್ ಮರ, ಬಿಸ್ಕತ್ತು, ಲವಂಗ ಅಂತೆಲ್ಲ ಬರೆಯುತ್ತಾರೆ. ನನಗೆ ಬರುವುದು ಬಿಯರ್ ವಾಸನೆ ಮಾತ್ರ. ಅವರೆಲ್ಲ ಸುಮ್ನೆ ಬರೆಯುತ್ತಾರಾ?

ಕೆಲವರು ಸುಮ್ನೆ ಬರೆಯುತ್ತಾರೆ, ನಿಜ. ಆದರೆ ಆ ವಾಸನೆಗಳು ಸುಳ್ಳಲ್ಲ. ಜರ್ಮನಿಯ ಗೋಧಿ ಬಿಯರ್, ಅಂದರೆ ವೈಸ್‌ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ ಬರಲು ಕಾರಣ ಐಸೋಅಮೈಲ್ ಅಸಿಟೇಟ್ ಅನ್ನುವ ವಸ್ತು. ಬಾಳೆಹಣ್ಣಿನಲ್ಲಿರುವುದೂ ಅದೇ. ಅದೇ ಬಿಯರ್‌ನ ಲವಂಗದ ವಾಸನೆಯೂ ಯೀಸ್ಟ್‌ನಿಂದಲೇ ಬರುತ್ತದೆ, ಯಾರೂ ಲವಂಗ ಹಾಕಿರುವುದಿಲ್ಲ. ಕ್ಯಾಸ್ಕೇಡ್ ಅನ್ನುವ ಅಮೆರಿಕದ ಹಾಪ್ಸ್ ಚಕ್ಕೋತದ ಕಡೆಗೆ ಎಳೆಯುತ್ತದೆ. ಬಿಸ್ಕತ್ತು, ಕ್ಯಾರಮೆಲ್, ಕಾಫಿ ಇವೆಲ್ಲ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹುರಿದದ್ದರಿಂದ.

ನಿಮಗೆ ಸಿಗದಿರುವುದಕ್ಕೆ ಬಹುಶಃ ಕಾರಣ ಎರಡು. ಒಂದು, ಬಿಯರ್ ವಿಪರೀತ ತಣ್ಣಗಿದೆ. ಎರಡು, ಬಾಟಲಿಯಿಂದಲೇ ಕುಡಿಯುತ್ತಿದ್ದೀರಿ. ಬಾಟಲಿ ಬಾಯಿಗಿಟ್ಟಾಗ ಮೂಗಿಗೆ ಕೆಲಸವೇ ಇರುವುದಿಲ್ಲ. ಲೋಟಕ್ಕೆ ಸುರಿಯಿರಿ, ಬಾಯಿ ಸ್ವಲ್ಪ ಒಳಗೆ ಬಾಗಿದ ಲೋಟವಾದರೆ ಇನ್ನೂ ಒಳ್ಳೆಯದು. ಅರ್ಧಕ್ಕಿಂತ ಕಡಿಮೆ ಇರಲಿ, ಮೇಲೆ ಘಮಕ್ಕೆ ಜಾಗ ಬೇಕು. ತಿಳಿ ಲಾಗರ್‌ಗೆ 4ರಿಂದ 7 ಡಿಗ್ರಿ, ಲಾಗರ್‌ಗಿಂತ ಬೆಚ್ಚಗೆ ಹುದುಗಿಸುವ ಏಲ್‌ಗಳಿಗೆ 8ರಿಂದ 12, ಹುರಿದ ಮಾಲ್ಟ್‌ನ ಗಟ್ಟಿ ಕಪ್ಪು ಬಿಯರ್ ಆದ ಸ್ಟೌಟ್‌ಗಳಿಗೆ 12ರ ಮೇಲೆ ಸ್ವಲ್ಪ ಇದ್ದರೂ ಚೆನ್ನ. ಥರ್ಮಾಮೀಟರ್ ಹಿಡಿದು ಕೂರಬೇಕಾಗಿಲ್ಲ. ಸ್ಟೌಟ್ ಅನ್ನು ಫ್ರಿಜ್‌ನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಟ್ಟು ನೋಡಿ, ಇದು ಅದೇ ಬಿಯರಾ ಅನ್ನಿಸುತ್ತದೆ.

ಮೊದಲು ಒಂದೆರಡು ಸಲ ಚುಟುಕಾಗಿ ಮೂಸಿ. ಮೂಗು ಬೇಗ ದಣಿಯುತ್ತದೆ. ಮೊದಲ ಮೂಸುವಿಕೆಯಲ್ಲಿ ಹೊಳೆದದ್ದನ್ನು ಆಗಲೇ ಬರೆದುಕೊಳ್ಳಿ, ಆಮೇಲೆ ಅದು ಎಷ್ಟು ಹುಡುಕಿದರೂ ಸಿಗದಿರಬಹುದು. ನಂತರ ಒಂದು ಗುಟುಕು ಕುಡಿದು, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಹೊರಗೆ ಬಿಡಿ. ನಾವು ರುಚಿ ಅಂತ ಕರೆಯುವುದರಲ್ಲಿ ಬಹುಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ಈ ವಾಸನೆಯೇ. ನೆಗಡಿ ಬಂದಾಗ ಊಟ ಸಪ್ಪೆ ಆಗುವುದು ನೆನಪಿದೆಯಲ್ಲ?

ಇಷ್ಟೆಲ್ಲಕ್ಕಿಂತ ಹೆಚ್ಚು ಕಲಿಸುವುದು ಜೋಡಿ. ಒಂದೇ ಬಿಯರ್ ಎದುರಿಗಿಟ್ಟುಕೊಂಡರೆ ಮಾತು ಹೊರಡುವುದಿಲ್ಲ, ಎಲ್ಲವೂ ಬಿಯರ್ ವಾಸನೆಯೇ. ಪಕ್ಕದಲ್ಲಿ ಇನ್ನೊಂದನ್ನು ಇಡಿ. ಒಂದು ಪಿಲ್ಸ್ನರ್ (ತಿಳಿ ಬಣ್ಣದ ಲಾಗರ್), ಒಂದು ವೈಸ್‌ಬಿಯರ್. ಇದರಲ್ಲಿ ಹಣ್ಣಿದೆ, ಅದರಲ್ಲಿ ಇಲ್ಲ, ಅದು ಒಣಹುಲ್ಲಿನ ಥರ, ಇದು ಹಿಟ್ಟಿನ ಥರ ಅಂತ ಮಾತು ತಾನಾಗಿ ಬರುತ್ತದೆ. ಸ್ವಲ್ಪ ಪಳಗಿದ ಮೇಲೆ ಮೂರು ಲೋಟದ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಸುರಿಯುವುದು ಸ್ನೇಹಿತರು. ಬೇರೆ ಯಾವುದು ಅಂತ ನೀವು ಹೇಳಬೇಕು. ಬಿಯರ್ ಕಂಪನಿಗಳ ರುಚಿ ವಿಭಾಗದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಹೆಸರು ಗೊತ್ತಿದ್ದಾಗ ಎಷ್ಟು ಸುಲಭ, ಗೊತ್ತಿಲ್ಲದಾಗ ಎಷ್ಟು ಕಷ್ಟ ಅನ್ನುವುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಬರೆಯುವಾಗ ಬೇರೆಯವರ ಪದ ಎತ್ತಿಕೊಳ್ಳಬೇಡಿ. ಪೈನ್ ಮರ ಮೂಸದೇ ಇದ್ದರೆ ಪೈನ್ ಅಂತ ಬರೆಯಬೇಡಿ. ನಿಮಗೆ ಹೊಸದಾಗಿ ಹೆರೆದ ಪೆನ್ಸಿಲ್ ನೆನಪಾದರೆ ಪೆನ್ಸಿಲ್ ಅಂತಲೇ ಬರೆಯಿರಿ, ಓದುವವರಿಗೆ ಅರ್ಥ ಆಗುತ್ತದೆ.

ಪ್ರಶ್ನೆ: ಐಬಿಯು ಜಾಸ್ತಿ ಇದ್ದರೆ ಕಹಿ ಜಾಸ್ತಿ ತಾನೆ? 60 ಇರುವ ಸ್ಟೌಟ್ ನನಗೆ 40ರ ಪಿಲ್ಸ್ನರ್‌ಗಿಂತ ಕಡಿಮೆ ಕಹಿ ಅನ್ನಿಸಿತು.

ನಿಮಗೆ ಅನ್ನಿಸಿದ್ದು ಸರಿ. ಐಬಿಯು ಅಂದರೆ ಹಾಪ್ಸ್‌ನಿಂದ ಬಂದ ಕಹಿ ಅಂಶ ಲೀಟರಿಗೆ ಸುಮಾರು ಎಷ್ಟು ಮಿಲಿಗ್ರಾಂ ಇದೆ ಅನ್ನುವ ಅಳತೆ. ಜೊತೆಗೆ ಮಾಲ್ಟ್‌ನ ಸಿಹಿ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಸಿಹಿ ದಟ್ಟವಾಗಿದ್ದರೆ ಕಹಿ ಅದರ ಹಿಂದೆ ಅಡಗುತ್ತದೆ. ಬಣ್ಣದ ಕಥೆಯೂ ಹೀಗೇ. ಕಪ್ಪು ಬಿಯರ್ ಅಂದರೆ ಗಟ್ಟಿ ಅಂದುಕೊಳ್ಳುತ್ತಾರೆ, ಆದರೆ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ 4.2% ಮಾತ್ರ.

ಪ್ರಶ್ನೆ: ಬೆಲ್ಜಿಯಂನ ಒಂದು ಬಿಯರ್ ಹುಣಸೆಹಣ್ಣಿನಷ್ಟು ಹುಳಿ. ಇನ್ನೊಂದರಲ್ಲಿ ಕುದುರೆ ಲಾಯದ ವಾಸನೆ. ಎರಡೂ ತುಂಬಾ ದೊಡ್ಡ ಹೆಸರಿನವು. ಇದು ದೋಷವೋ, ಗುಣವೋ?

ಈ ಪ್ರಶ್ನೆ ಕೇಳಿದ್ದಕ್ಕೆ ನಿಜವಾಗಿ ಖುಷಿಯಾಯಿತು. ಒಂದೇ ವಾಸನೆ ಒಂದು ಬಿಯರ್‌ನಲ್ಲಿ ದೋಷ, ಇನ್ನೊಂದರಲ್ಲಿ ಅದೇ ಪ್ರಾಣ. ಮಾಡಿದವರು ಏನು ಮಾಡಲು ಹೊರಟಿದ್ದರು ಅಂತ ತಿಳಿಯದೆ ಇದನ್ನು ಬಿಡಿಸಲು ಆಗುವುದಿಲ್ಲ.

ಹುಳಿ ಇದ್ದದ್ದು ಲ್ಯಾಂಬಿಕ್ ಜಾತಿಯದಿರಬೇಕು. ಬ್ರಸೆಲ್ಸ್ ಸುತ್ತಮುತ್ತ ಮಾಡುತ್ತಾರೆ. ಕುದಿಸಿದ ಮಾಲ್ಟ್ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ತಣ್ಣಗಾಗಲು ಬಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮರದ ಪೀಪಾಯಿಗಳಲ್ಲಿ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳೇ ಹುದುಗಿಸುತ್ತವೆ. ಒಂದು, ಎರಡು, ಮೂರು ವರ್ಷ ಹಳೆಯ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಯಲ್ಲಿ ಮತ್ತೆ ಹುದುಗಿಸಿದರೆ ಅದು ಗ್ಯೂಜ್. ಅದರಲ್ಲಿ ಹುಳಿ ಇಲ್ಲದಿದ್ದರೆ ದೂರು ಕೊಡಬೇಕು!

ಲಾಯದ ವಾಸನೆ ಬ್ರೆಟನೊಮೈಸಿಸ್ ಅನ್ನುವ ಕಾಡು ಯೀಸ್ಟ್‌ನದು. ಬೆಲ್ಜಿಯಂನ ಆರ್ವಾಲ್ ಮಠದ ಟ್ರಾಪಿಸ್ಟ್ (ಕ್ರೈಸ್ತ ಸನ್ಯಾಸಿಗಳ) ಬಿಯರ್ ಇದಕ್ಕೆ ಒಳ್ಳೆಯ ಉದಾಹರಣೆ. ಬಾಟಲಿಗೆ ತುಂಬುವಾಗ ಈ ಯೀಸ್ಟ್ ಸೇರಿಸುತ್ತಾರೆ. ಹೊಸತಿದ್ದಾಗ ಹಾಪ್ಸ್ ಘಮ ಮುಂದಿರುತ್ತದೆ, ವರ್ಷ ಕಳೆದ ಹಾಗೆ ಚರ್ಮ, ಲಾಯ, ಒಣಹುಲ್ಲಿನ ಕಡೆಗೆ ಹೋಗುತ್ತದೆ. ಇಬ್ಬರು ಇದೇ ಬಿಯರ್ ಬಗ್ಗೆ ಪೂರ್ತಿ ಬೇರೆ ಬೇರೆ ಬರೆದಿದ್ದರೆ ಇಬ್ಬರೂ ಸರಿಯಿರಬಹುದು. ದಿನಾಂಕ ಬರೆಯಿರಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ಈಗ ಇದನ್ನೇ ತಿರುಗಿಸಿ. ಪಿಲ್ಸ್ನರ್ ಹುಳಿಯಾಗಿದ್ದರೆ ದೋಷ. ವೈಸ್‌ಬಿಯರ್‌ನಲ್ಲಿ ಬೇಕೇ ಬೇಕಾದ ಬಾಳೆಹಣ್ಣು ಪಿಲ್ಸ್ನರ್‌ನಲ್ಲಿ ಬಂದರೆ ದೋಷ. ಬೆಣ್ಣೆಯ ವಾಸನೆ ಡೈಅಸಿಟೈಲ್‌ನದು. ಯೀಸ್ಟ್ ಅದನ್ನು ಹುಟ್ಟಿಸಿ ಕೊನೆಗೆ ತಾನೇ ಹೀರಿಕೊಳ್ಳಬೇಕು, ಅವಸರ ಮಾಡಿದರೆ ಉಳಿದುಬಿಡುತ್ತದೆ. ಕೆಲವು ಚೆಕ್ ಲಾಗರ್‌ಗಳಲ್ಲಿ ಚೂರು ಇದ್ದರೆ ಒಪ್ಪುತ್ತಾರೆ. ನಲ್ಲಿಯ ಬಿಯರ್‌ನಲ್ಲಿ ಬೆಣ್ಣೆ, ಹುಳಿ ಎರಡೂ ಬಂದರೆ ಮಾಡಿದವರನ್ನು ಬೈಯುವ ಮೊದಲು ಪೈಪ್ ತೊಳೆದಿಲ್ಲವೇನೋ ಅಂತ ಅನುಮಾನಿಸಿ. ಹಸಿ ಸೇಬಿನ ವಾಸನೆ ಹೆಚ್ಚಾಗಿ ಬಿಯರ್ ಇನ್ನೂ ಮಾಗಿಲ್ಲ ಅನ್ನುವುದರ ಗುರುತು.

ಇಷ್ಟಾದ ಮೇಲೂ ಲ್ಯಾಂಬಿಕ್ ನಿಮಗೆ ಇಷ್ಟ ಆಗದಿದ್ದರೆ ನನಗಿದು ಒಗ್ಗಲಿಲ್ಲ ಅಂತ ನೇರವಾಗಿ ಬರೆಯಿರಿ. ಅದು ಪ್ರಾಮಾಣಿಕ ವಾಕ್ಯ. ಕೆಟ್ಟ ಬಿಯರ್ ಅನ್ನುವುದು ಬೇರೆಯೇ ವಾಕ್ಯ.

ಪ್ರಶ್ನೆ: ನನ್ನ ಅಂಕಗಳನ್ನು ತಿರುಗಿ ನೋಡಿದರೆ ಇಂಪೀರಿಯಲ್ ಸ್ಟೌಟ್‌ಗಳಿಗೆಲ್ಲ 4.5, ಲಾಗರ್‌ಗಳಿಗೆಲ್ಲ 3. ಎಲ್ಲಿ ಎಡವುತ್ತಿದ್ದೇನೆ?

ಗಟ್ಟಿ ರುಚಿಯನ್ನೇ ಒಳ್ಳೆಯ ರುಚಿ ಅಂದುಕೊಳ್ಳುತ್ತಿದ್ದೀರಿ. ಜೋರಾಗಿ ಹಾಡುವವರೆಲ್ಲ ಚೆನ್ನಾಗಿ ಹಾಡುವವರಲ್ಲ ಅಲ್ವಾ?

ಅಮೆರಿಕದ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ 1985ರಿಂದ ಇದೆ. ಅವರ ಅಂಕಪಟ್ಟಿ 50ಕ್ಕೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನ್ನಿಸುವುದಕ್ಕೆ 5, ಒಟ್ಟಾರೆ 10. ನೋಟಕ್ಕೆ ಬರೀ ಮೂರು ಅನ್ನುವುದನ್ನು ಗಮನಿಸಿ, ಫೋಟೊ ತೆಗೆಯುತ್ತಾ ನೊರೆ ಇಳಿಸಿಬಿಡುವವರು ವಿಶೇಷವಾಗಿ ಗಮನಿಸಿ. ಅಂಕ ಕೊಡುವುದು ಆ ಬಗೆಯ ಬಿಯರ್ ಹೇಗಿರಬೇಕೋ ಅದಕ್ಕೆ ಹೋಲಿಸಿ. ಲಾಗರ್ ಪೈಪೋಟಿ ಲಾಗರ್ ಜೊತೆ.

1842ರಲ್ಲಿ ಈಗಿನ ಚೆಕ್ ದೇಶದ ಪ್ಲ್ಜೆನ್ ಪಟ್ಟಣದಲ್ಲಿ ಯೋಸೆಫ್ ಗ್ರೋಲ್ ಅನ್ನುವ ಜರ್ಮನಿಯ ಬವೇರಿಯಾದವರು ಮೊದಲ ಪಿಲ್ಸ್ನರ್ ಮಾಡಿದರು. ಅಲ್ಲಿನ ಮೆದು ನೀರು, ತಿಳಿ ಮಾಲ್ಟ್, ಸಾಜ್ ಹಾಪ್ಸ್, ಯೀಸ್ಟ್, ಅಷ್ಟೇ ಸಾಮಗ್ರಿ. ಹುರಿದ ಮಾಲ್ಟ್ ಇಲ್ಲ, ಹಣ್ಣಿಲ್ಲ. ತಪ್ಪು ಮಾಡಿದರೆ ಮುಚ್ಚಿಡಲು ಒಂದು ಮೂಲೆಯೂ ಇಲ್ಲ. ನನ್ನ ಲೆಕ್ಕದಲ್ಲಿ ಚೊಕ್ಕವಾದ ಲಾಗರ್ ಮಾಡುವುದೇ ಅತಿ ಕಷ್ಟ, ಅದಕ್ಕೆ 3 ಕೊಡುವಾಗ ಕೈ ನಡುಗಬೇಕು.

ಇನ್ನೊಂದು, ಕುಡಿಯುವ ಕ್ರಮ ನೋಡಿಕೊಳ್ಳಿ. ಸ್ಟೌಟ್ ಆದ ಮೇಲೆ ಲಾಗರ್ ಕುಡಿದರೆ ನೀರಿನ ಹಾಗೆ ಇರುತ್ತದೆ. ಹಗುರದ್ದು ಮೊದಲು, ಕಹಿ ಮತ್ತು ಗಟ್ಟಿ ಕೊನೆಗೆ. ಒಂದು ಸಲ ಕೂತರೆ ನಾನು ನಾಲ್ಕು ಬಿಯರ್ ದಾಟುವುದಿಲ್ಲ, ಅದೂ 100 ಮಿಲಿ ಲೀಟರ್‌ನಂತೆ. ಆಮೇಲೆ ಕೊಡುವ ಅಂಕವನ್ನು ನಾನೇ ನಂಬುವುದಿಲ್ಲ.

ಪ್ರಶ್ನೆ: ವೈನ್ ಸವಿಯುವವರು ಉಗುಳುತ್ತಾರೆ. ಬಿಯರ್ ನುಂಗಲೇಬೇಕಾ? ನಾನು ಜಾಸ್ತಿ ಕುಡಿಯುವವಳಲ್ಲ.

ಒಂದು ಸಣ್ಣ ಗುಟುಕು ನುಂಗಿದರೆ ಸಾಕು. ಕಹಿ ಗೊತ್ತಾಗುವುದು ನಾಲಿಗೆಯ ಹಿಂಭಾಗದಲ್ಲಿ ಮಾತ್ರ ಅನ್ನುವುದು ತಪ್ಪು, ನಾಲಿಗೆಯ ಬೇರೆ ಕಡೆಗಳಲ್ಲೂ ಗೊತ್ತಾಗುತ್ತದೆ. ಆದರೆ ನುಂಗಿದ ಮೇಲೆ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಶುಭ್ರವಾಗಿ ಹೋಗುತ್ತದೋ ಒಗರಾಗಿ ಅಂಟಿಕೊಳ್ಳುತ್ತದೋ ಅನ್ನುವುದು ಬಿಯರ್‌ನಲ್ಲಿ ಮುಖ್ಯ. ಅದನ್ನು ಒಂದು ಗುಟುಕಿನಲ್ಲಿ ನೋಡಿಕೊಂಡು ಉಳಿದದ್ದನ್ನು ಉಗುಳಿ, ನಡುವೆ ನೀರು ಕುಡಿಯಿರಿ. ಉಗುಳಿದ್ದೇನೆ ಅಂತ ಗಾಡಿ ಮಾತ್ರ ಓಡಿಸಬೇಡಿ.

ಪ್ರಶ್ನೆ: ನೊರೆ ನಿಲ್ಲುವುದೇ ಇಲ್ಲ. ಯಾವ ಬಿಯರ್ ಸುರಿದರೂ ಇದೇ ಕಥೆ.

ಯಾವ ಬಿಯರ್ ಆದರೂ ಅಂದ ಮೇಲೆ ಲೋಟದ ಕಡೆ ನೋಡಿ. ಜಿಡ್ಡು, ಸೋಪಿನ ಪಸೆ, ತುಟಿಯ ಬಣ್ಣ, ಇವು ನೊರೆಯನ್ನು ಕೊಲ್ಲುತ್ತವೆ. ಬಿಯರ್ ಒಳಗೆ ಗುಳ್ಳೆಗಳು ಗಾಜಿನ ಗೋಡೆಗೆ ಅಂಟಿಕೊಂಡು ಕೂತಿದ್ದರೆ ಅಲ್ಲಿ ಕೊಳೆ ಇದೆ. ಖಾಲಿ ಲೋಟವನ್ನು ನೀರಿನಲ್ಲಿ ಅದ್ದಿ, ಒಳಗೆ ಪುಡಿ ಉಪ್ಪು ಉದುರಿಸಿ. ಶುದ್ಧವಾಗಿದ್ದರೆ ಉಪ್ಪು ಎಲ್ಲ ಕಡೆ ಒಂದೇ ಸಮ ಅಂಟುತ್ತದೆ. ಅಂಟದೆ ಬೋಳಾಗಿ ಉಳಿದ ಜಾಗದಲ್ಲಿ ಜಿಡ್ಡಿದೆ. ಬಿಸಿನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿ.