ಅಣ್ಣ ಜೈಲಿನಲ್ಲಿದ್ದಾನೆ, ಸ್ಕಿಜೋಫ್ರೇನಿಯಾ ಇದೆ. ಮೊದಲು ಏನು ಮಾಡಬೇಕು?

ನಿಮ್ಮ ಅಣ್ಣನಿಗೆ ಹಲವು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ, ಹೊಡೆದಾಟದ ಕೇಸಿನಲ್ಲಿ ನ್ಯಾಯಾಂಗ ಬಂಧನಕ್ಕೆ ಹೋಗಿದ್ದಾರೆ. "ತಲೆ ಸರಿಯಿಲ್ಲ ಅಂತ ತೋರಿಸಿದರೆ ಕೇಸೇ ಬಿದ್ದುಹೋಗುತ್ತೆ" ಎಂದು ವಕೀಲರು ಹೇಳಿದ್ದು ನಿಜವಾ, ಒಳಗೆ ಚಿಕಿತ್ಸೆ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ವಕೀಲೆಯೂ ಅಲ್ಲ, ಡಾಕ್ಟರೂ ಅಲ್ಲ. ನನ್ನ ತಮ್ಮ ಇದೇ ಕಾಯಿಲೆ ಇಟ್ಟುಕೊಂಡು ಎರಡೂವರೆ ತಿಂಗಳು ಒಳಗಿದ್ದ. ಆಗ ಬಿದ್ದು ಎದ್ದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಮಾತ್ರೆ. ಕೇಸು ಆಮೇಲೆ.

ನಾನು ಉಲ್ಟಾ ಮಾಡಿದೆ. ಜಾಮೀನು, ಶ್ಯೂರಿಟಿ ಅಂತ ನಾಲ್ಕು ದಿನ ಓಡಾಡಿ, ಐದನೇ ದಿನ ಮಾತ್ರೆ ಸ್ಟ್ರಿಪ್ ಹಿಡಿದು ಗೇಟಿಗೆ ಹೋದೆ. ತೆಗೆದುಕೊಳ್ಳಲಿಲ್ಲ. ಹೊರಗಿನವರು ತಂದ ಮಾತ್ರೆಯನ್ನೆಲ್ಲ ಒಳಗೆ ಬಿಟ್ಟರೆ ಏನೇನು ಹೋಗುತ್ತೋ ಎಂಬ ಅವರ ಹೆದರಿಕೆಯೂ ಸುಳ್ಳಲ್ಲ ಬಿಡಿ. ಆದರೆ ತಮ್ಮ ತೆಗೆದುಕೊಳ್ಳುತ್ತಿದ್ದದ್ದು ಕ್ಲೋಜಪಿನ್, ದಿನಕ್ಕೆ 300 ಮಿಲಿಗ್ರಾಂ. ಅದು 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಮತ್ತೆ ನೇರವಾಗಿ 300 ಕೊಡುವಂತಿಲ್ಲ. 12.5ರಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕು. ಇಲ್ಲದಿದ್ದರೆ ಬಿಪಿ ದಿಢೀರನೆ ಬೀಳಬಹುದು, ಫಿಟ್ಸ್ ಬರಬಹುದು. ಇದು ನನಗೆ ಗೊತ್ತಾದದ್ದು ಅವನ ಡಾಕ್ಟರಿಗೆ ಫೋನ್ ಮಾಡಿದ ಮೇಲೆ. ಅವತ್ತು ಗೇಟಿನಲ್ಲಿ ಯಾರಾದರೂ ಪಾಪ ಅಂತ ಸ್ಟ್ರಿಪ್ ಒಳಗೆ ಕಳಿಸಿದ್ದರೆ ಏನಾಗುತ್ತಿತ್ತೋ.

ಡಾಕ್ಟರು ಲೆಟರ್‌ಹೆಡ್‌ನಲ್ಲಿ ಅರ್ಧ ಪುಟ ಬರೆದುಕೊಟ್ಟರು. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಡೋಸ್, ಕೊನೆಗೆ ಯಾವತ್ತು ತೆಗೆದುಕೊಂಡಿದ್ದ, ಮತ್ತೆ ಹೇಗೆ ಶುರು ಮಾಡಬೇಕು, ಯಾವ ರಕ್ತ ಪರೀಕ್ಷೆ ಆಗಬೇಕು. ಅಷ್ಟೇ. ನಾಲ್ಕು ದಿನದ ಓಡಾಟದಲ್ಲಿ ಆಗದ್ದು ಈ ಅರ್ಧ ಪುಟದಿಂದ ಆಯಿತು. ಒಂದು ಪ್ರತಿ ಜೈಲು ಸೂಪರಿಂಟೆಂಡೆಂಟ್‌ಗೆ, ಒಂದು ಜೈಲಿನ ವೈದ್ಯರಿಗೆ, ಒಂದು ವಕೀಲರ ಮೂಲಕ ಕೋರ್ಟಿಗೆ ಕೊಟ್ಟೆ. ನೀವೂ ಹಾಗೇ ಮಾಡಿ. ಕೊಟ್ಟದ್ದಕ್ಕೆ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಅವತ್ತೇ ಮರೆತುಹೋಗುತ್ತದೆ.

ಮೊದಲ ಭೇಟಿಯಲ್ಲಿ ವಾರ್ಡರ್ ನನಗೆ ಧೈರ್ಯ ಹೇಳಿದರು. "ಏನೂ ತೊಂದರೆ ಇಲ್ಲಮ್ಮ, ಭಾಳ ಸುಮ್ನಿರ್ತಾನೆ." ತಮ್ಮ ಜಾಲರಿಯ ಆಚೆ ನಿಂತಿದ್ದ. ಅಂಗಿಯ ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿ ಹಾಕಿಕೊಂಡಿದ್ದ. "ಅಕ್ಕಾ, ಇಲ್ಲಿ ರಾತ್ರಿ ಲೈಟ್ ಆಫ್ ಮಾಡಲ್ಲ" ಅಂದ. ಬೇರೆ ಮಾತಿಲ್ಲ. ಆ ಸುಮ್ಮನಿರುವುದೇ ಅವನ ಕಾಯಿಲೆ ಅಂತ ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಕೂಗಾಡುವವನನ್ನು ಆಸ್ಪತ್ರೆಗೆ ಕಳಿಸುತ್ತಾರೆ. ಮೂಲೆಯಲ್ಲಿ ಕೂತವನು ಒಳ್ಳೆಯ ಕೈದಿ ಅನ್ನಿಸಿಕೊಳ್ಳುತ್ತಾನೆ. ನಿಮ್ಹಾನ್ಸ್‌ನವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ, ಅದರ ವರದಿಯನ್ನು 2011ರಲ್ಲಿ ಕೊಟ್ಟಿದ್ದರು. ಕುಡಿತ, ತಂಬಾಕಿನಂಥ ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಶೇ. 27.6ರಷ್ಟು ಜನರಿಗೆ ಮಾನಸಿಕ ಕಾಯಿಲೆ ಇತ್ತು. ಅಷ್ಟು ಜನರ ನಡುವೆ ಸುಮ್ಮನೆ ಕೂತ ಒಬ್ಬನನ್ನು ಗುರುತಿಸಿ ಹೇಳುವವರು ಮನೆಯವರೇ.

ಕೇಳುವ ಹಕ್ಕು ನಿಮಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 103ನೇ ಕಲಮು ಪೂರ್ತಿ ಕೈದಿಗಳ ಬಗ್ಗೆಯೇ ಇದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕು ಎನ್ನುತ್ತದೆ. ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು ಎಂದೂ ಇದೆ. ಅರ್ಜಿಯಲ್ಲಿ ಈ ಕಲಮಿನ ನಂಬರ್ ಬರೆಯಿರಿ. ನಂಬರ್ ಇದ್ದ ಅರ್ಜಿಗೆ ಮರ್ಯಾದೆ ಬೇರೆ.

ಈಗ ನಿಮ್ಮ ವಕೀಲರ ಮಾತಿಗೆ ಬರುತ್ತೇನೆ. ಅವರು ಎರಡು ಬೇರೆ ಸಂಗತಿಗಳನ್ನು ಒಂದೇ ಮಾಡಿ ಹೇಳಿದ್ದಾರೆ ಅನ್ನಿಸುತ್ತದೆ.

ಒಂದು, ಘಟನೆ ನಡೆದ ಗಳಿಗೆಯಲ್ಲಿ ಮನಸ್ಸಿನ ಸ್ಥಿತಿ ಹೇಗಿತ್ತು ಎಂಬುದು. ಹಳೆಯ ಐಪಿಸಿ 84, ಈಗ ಭಾರತೀಯ ನ್ಯಾಯ ಸಂಹಿತೆಯ 22. ತಾನು ಏನು ಮಾಡುತ್ತಿದ್ದೇನೆ ಅಂತಾಗಲಿ, ಅದು ತಪ್ಪು ಅಂತಾಗಲಿ ತಿಳಿಯುವ ಶಕ್ತಿ ಆಗ ಇರಲಿಲ್ಲ ಎಂದು ತೋರಿಸಬೇಕು. ಸಾಬೀತು ಮಾಡುವ ಹೊರೆ ನಮ್ಮ ಮೇಲೆ. ಹಳೆಯ ಚೀಟಿಗಳ ಕಟ್ಟು ತಂದು ಸುರಿದರೆ ಕಾಯಿಲೆ ಇದೆ ಅಂತ ಗೊತ್ತಾಗುತ್ತದೆ, ಆ ಗಳಿಗೆಯ ಸ್ಥಿತಿ ಗೊತ್ತಾಗುವುದಿಲ್ಲ. ಗೆದ್ದರೂ ಸೀದಾ ಮನೆಗೆ ಅಂತೇನಿಲ್ಲ. ಕೋರ್ಟ್ ಅವರನ್ನು ಸುರಕ್ಷಿತ ಜಾಗದಲ್ಲಿ ಇಡಲು ಹೇಳಬಹುದು, ಅಥವಾ ನೋಡಿಕೊಳ್ಳುತ್ತೇವೆ ಎನ್ನುವ ಸಂಬಂಧಿಕರಿಗೆ ಒಪ್ಪಿಸಬಹುದು.

ಇನ್ನೊಂದು, ಈಗ ಕೋರ್ಟಿನಲ್ಲಿ ನಡೆಯುವುದು ಅರ್ಥವಾಗಿ ತನ್ನ ಪರ ಹೇಳಿಕೊಳ್ಳುವ ಸ್ಥಿತಿಯಲ್ಲಿ ಇದ್ದಾರಾ ಎಂಬುದು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 367, 368ರಲ್ಲಿ ಬರುತ್ತದೆ. ಇಲ್ಲ ಅಂತಾದರೆ ವಿಚಾರಣೆ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋಗುವುದು ಬೇರೆ, ಬಿದ್ದುಹೋಗುವುದು ಬೇರೆ ಅಲ್ವಾ? ಅಸ್ಸಾಮಿನ ಮಾಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ ಬಂಧಿಸಿ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. ಸರಿಯಾಗಿದ್ದಾರೆ ಅಂತ ಆಸ್ಪತ್ರೆ 1967ರಲ್ಲೇ ಹೇಳಿತು. ಬಿಡುವ ಬದಲು ಜೈಲಿಗೆ ಸಾಗಿಸಿದರು. ಹೊರಬಂದದ್ದು 2005ರಲ್ಲಿ, 77ನೇ ವಯಸ್ಸಿಗೆ. ವಿಚಾರಣೆ ಒಮ್ಮೆಯೂ ನಡೆದಿರಲಿಲ್ಲ. ಈಗಿನ ಕಾನೂನು ಎಷ್ಟೋ ಮೇಲು, ಆದರೂ ಮನೆಯವರು ಫೈಲಿನ ಹಿಂದೆ ಬೀಳದಿದ್ದರೆ ಫೈಲು ಮಲಗುತ್ತದೆ.

ಆದ್ದರಿಂದ "ಸ್ಥಿತಿ ಸರಿಯಿಲ್ಲ" ಅಂತ ಕೋರ್ಟ್ ಒಪ್ಪುವ ಹಾಗಿದ್ದರೆ, ಅದೇ ಉಸಿರಿನಲ್ಲಿ ಬಿಎನ್‌ಎಸ್‌ಎಸ್ 369ರ ಕೆಳಗೆ ಬಿಡುಗಡೆಯನ್ನೂ ಕೇಳಲು ನಿಮ್ಮ ವಕೀಲರಿಗೆ ಹೇಳಿ. ಕೇಸು ಜಾಮೀನು ಸಿಗುವಂಥದ್ದಾಗಲಿ, ಸಿಗದಂಥದ್ದಾಗಲಿ, ಆಸ್ಪತ್ರೆಯಲ್ಲೇ ಇಟ್ಟು ಚಿಕಿತ್ಸೆ ಕೊಡುವ ಅಗತ್ಯವಿಲ್ಲದಿದ್ದರೆ ಕೋರ್ಟ್ ಬಿಡಬಹುದು. ತಪ್ಪದೆ ಹೊರರೋಗಿಯಾಗಿ ತೋರಿಸುತ್ತೇವೆ, ಯಾರಿಗೂ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ ಅಂತ ಸ್ನೇಹಿತರೋ ಸಂಬಂಧಿಕರೋ ಬರೆದುಕೊಡಬೇಕು. ಹಾಗೆ ಬಿಡಲಾಗದ ಕೇಸಾದರೆ, ಮನೋವೈದ್ಯರ ಚಿಕಿತ್ಸೆ ಸಿಗುವ ಜಾಗದಲ್ಲೇ ಇಡಬೇಕು ಎಂದೂ ಅಲ್ಲೇ ಇದೆ. ನಮ್ಮ ಮೊದಲ ವಕೀಲರಿಗೆ ಈ ಕಲಮೇ ಗೊತ್ತಿರಲಿಲ್ಲ. ಹೇಳಿದ್ದು ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತೋ ಏನೋ. ಬಂಧನದಲ್ಲಿರುವವರಿಗೆ ಈ ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ಬಿಡುಗಡೆ ದಿನದ ಬಗ್ಗೆ ಒಂದು ಮಾತು. ತಮ್ಮ ಹೊರಗೆ ಬಂದಾಗ ಸಂಜೆ ಏಳು ಗಂಟೆ. ಕೈಯಲ್ಲಿ ಒಂದು ಕವರ್, ಅದರಲ್ಲಿ ಬಟ್ಟೆ. ಮಾತ್ರೆ ಇಲ್ಲ, ಒಳಗೆ ಏನು ಕೊಟ್ಟರು ಎಂಬ ಚೀಟಿಯೂ ಇಲ್ಲ. ಪ್ರತಿ ಭೇಟಿಯಲ್ಲೂ ಕೇಳಿ ಕೇಳಿ ಡೋಸನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಆ ರಾತ್ರಿ ಅದೇ ಆಧಾರ. ನೀವು ಜೈಲಿನ ವೈದ್ಯರ ಹತ್ತಿರ ಚಿಕಿತ್ಸೆಯ ವಿವರವನ್ನು ಮೊದಲೇ ಬರೆಸಿಕೊಳ್ಳಿ, ಮಾರನೇ ದಿನಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಿ. ಈ ಮಧ್ಯೆ ನಿಮಗೇ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ರಾತ್ರಿಯೂ ಎತ್ತುತ್ತಾರೆ.

ಅಣ್ಣನ ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿದೆಯಾ, ಸೆಷನ್ಸ್‌ಗೆ ಹೋಗುವಂಥದ್ದಾ? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ತಪ್ಪಿ ಎಷ್ಟು ದಿನವಾಯಿತು? ಅಷ್ಟು ಬರೆಯಿರಿ. ನಮ್ಮ ಅರ್ಜಿಯ ಒಕ್ಕಣೆ ಇನ್ನೂ ನನ್ನ ಹತ್ತಿರ ಇದೆ, ಹೆಸರುಗಳನ್ನು ತೆಗೆದು ಅದನ್ನು ಇಲ್ಲಿ ಹಾಕುತ್ತೇನೆ.