ಓದುಗರ ಪ್ರಶ್ನೆ: ಗ್ರಾಮಸಭೆಯಲ್ಲಿ ಕೇರಿಯ ಮಾತು

ಪ್ರಶ್ನೆ: ನಮ್ಮ ಸಂಸ್ಥೆ ಕೂಲಿ ಮಾಡುವ ದಲಿತ ಹೆಣ್ಣುಮಕ್ಕಳ ಸಂಘಗಳ ಜೊತೆ ಕೆಲಸ ಮಾಡುತ್ತದೆ. ಗ್ರಾಮಸಭೆಗೆ ಬಂದರೂ ಅವರು ಹಿಂದೆ ಕೂತು ಎದ್ದುಹೋಗುತ್ತಾರೆ. ಕೊನೆಗೆ ನಮ್ಮ ಕಾರ್ಯಕರ್ತರೇ ಮಾತಾಡಬೇಕಾಗುತ್ತದೆ. ಏನು ಮಾಡೋಣ?

ಉತ್ತರ: ಮೊದಲು ಕಾರ್ಯಕರ್ತರು ಮೈಕು ಬಿಡಲಿ. ಆ ಪಂಚಾಯತಿಯ ಮತದಾರರಲ್ಲದವರು ಗ್ರಾಮಸಭೆಯ ಸದಸ್ಯರೇ ಅಲ್ಲ. ‘ಹೊರಗಿನವರು ಬಂದು ಗಲಾಟೆ ಮಾಡಿಸಿದರು’ ಎಂಬ ಒಂದು ಮಾತಿಗೆ ಇಡೀ ಬೇಡಿಕೆ ಬಿದ್ದುಹೋಗುತ್ತದೆ.

ಇನ್ನೊಂದು, ನೀವು ಕೊನೆಯ ಮೆಟ್ಟಿಲಿನಿಂದ ಶುರು ಮಾಡಿದ್ದೀರಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೊದಲು ಕೇರಿ, ಹಟ್ಟಿಗಳಂಥ ವಸತಿ ಮಟ್ಟದ ಜನವಸತಿ ಸಭೆ, ಆಮೇಲೆ ವಾರ್ಡ್ ಸಭೆ, ಕೊನೆಗೆ ಇಡೀ ಪಂಚಾಯತಿಯ ಗ್ರಾಮಸಭೆ. ಗ್ರಾಮಸಭೆಗೆ ಬರುವ ಹೊತ್ತಿಗೆ ಕಾಮಗಾರಿ ಪಟ್ಟಿ ಹೆಚ್ಚುಕಡಿಮೆ ತಯಾರಾಗಿರುತ್ತದೆ. ವಾರ್ಡ್ ಸಭೆಯ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಅಂದರೆ ಒಂದು ಕೇರಿಯ 20 ಹೆಣ್ಣುಮಕ್ಕಳು ಬಂದು ಕೂತರೆ ಅವರನ್ನು ಬಿಟ್ಟು ಸಭೆ ಮುಗಿಸುವುದು ಸುಲಭವಲ್ಲ.

ಎರಡು ವಾರ ಮೊದಲೇ ಕೇರಿಯಲ್ಲಿ, ಕೂಲಿಯಿಂದ ಬಂದ ಮೇಲೆ, ರಾತ್ರಿ ಕೂಡಿಸಿ. ‘ಚರಂಡಿ ಬೇಕು’ ಎಂದು ಬರೆದರೆ ಆಗದು. ಯಾರ ಮನೆಯಿಂದ ಯಾರ ಮನೆಯವರೆಗೆ, ಎಷ್ಟು ಮೀಟರ್, ಎಷ್ಟು ಮನೆಗೆ ಅನುಕೂಲ ಎಂಬುದು ಅರ್ಜಿಯಲ್ಲಿರಲಿ. ಒಬ್ಬರೇ ಸಹಿ ಹಾಕಬೇಡಿ. ಮರುದಿನ ಅದೇ ಗೌಡರ ಹೊಲಕ್ಕೆ ಕೂಲಿಗೆ ಹೋಗಬೇಕಾದವರಿಗೆ ಅದು ದುಬಾರಿಯಾಗುತ್ತದೆ. ಮೂವತ್ತು ಹೆಬ್ಬೆಟ್ಟು ಇದ್ದರೆ ಯಾರನ್ನೆಂದು ಬಿಡಿಸುತ್ತಾರೆ? ಎರಡು ಪ್ರತಿ ಒಯ್ದು, ಒಂದರ ಮೇಲೆ ಪಂಚಾಯತಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಸಭೆಯಲ್ಲಿ ಐದು ಜನ ಎದ್ದು, ಒಬ್ಬೊಬ್ಬರು ಒಂದೊಂದೇ ಬೇಡಿಕೆ ಹೇಳಲಿ. ಒಬ್ಬರ ಮಾತು ಗದ್ದಲದಲ್ಲಿ ಮುಳುಗಿದರೆ ಮುಂದಿನವರು ಅದನ್ನೇ ಮತ್ತೆ ಹೇಳಲಿ. ಕೇರಿಯಲ್ಲಿ ಎರಡು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿಸಿದರೆ ಸಾಕು.

ನಿಜವಾದ ಮೋಸ ನಡೆಯುವುದು ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕದಲ್ಲಿ. ಬಾಗಿಲಲ್ಲೇ ಖಾಲಿ ಹಾಳೆಗೆ ಸಹಿ ತೆಗೆದುಕೊಂಡು, ಠರಾವು ಆಮೇಲೆ ಬರೆಯುತ್ತಾರೆ. ಹಾಗಾಗಿ ಬಂದೊಡನೆ ಸಹಿ ಹಾಕಬೇಡಿ. ‘ಬರೆದದ್ದನ್ನು ಓದಿ ಹೇಳಿ’ ಎಂದು ಸಭೆಯ ಉಸ್ತುವಾರಿಗೆ ಬಂದ ನೋಡಲ್ ಅಧಿಕಾರಿಯನ್ನೇ ಕೇಳಿ. ಓದಿದ ಮೇಲೆ ಸಹಿ, ಕೊನೆಯ ಸಹಿಯ ಕೆಳಗೆ ಅಡ್ಡಗೆರೆ, ಏಳುವ ಮೊದಲು ಆ ಪುಟದ ಫೋಟೊ.

ಪ್ರಶ್ನೆ: ಮಾಡದ ಕೆಲಸಕ್ಕೆ ಬಿಲ್ಲಾಗಿದೆ ಎಂಬ ಅನುಮಾನ. ಹೇಗೆ ಬಯಲಿಗೆ ತರುವುದು?

ಉತ್ತರ: ದಾರಿ ತೋರಿಸಿದ್ದು ರಾಜಸ್ಥಾನದ ಕೂಲಿಕಾರರ, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್. 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಅವರು ಮಾಡಿದ್ದು ಬಹಳ ಸರಳ: ಕೂಲಿಕಾರರ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಹೆಸರಿದ್ದವರು ಅಲ್ಲೇ ಕೂತಿದ್ದರಲ್ಲ! 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇಂಥ ಜನ ಸುನವಾಯಿಗಳಲ್ಲಿ, ಅಂದರೆ ಊರವರ ಮುಂದಿನ ಬಹಿರಂಗ ವಿಚಾರಣೆಗಳಲ್ಲಿ ಇದೆ.

ನೀವೂ ಈ ಕಾಯ್ದೆಯಡಿ ಅರ್ಜಿ ಹಾಕಿ ದಾಖಲೆ ತೆಗೆಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹತ್ತು ಕಾಮಗಾರಿಗಳನ್ನು ಒಂದೇ ಅರ್ಜಿಯಲ್ಲಿ ತುಂಬಿ ವಾಪಸು ಬರುವುದು ಇಲ್ಲೇ. ‘ಏಕೆ ಹೀಗಾಯಿತು’ ಎಂದೂ ಕೇಳಬೇಡಿ. ಅಂದಾಜು ಪಟ್ಟಿ, ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕ, ಬಿಲ್, ವೋಚರ್‌ಗಳ ನಕಲು ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ಸ್ಥಳದಲ್ಲೇ ಅಳೆಯಿರಿ.

ಪ್ರಶ್ನೆ: ನಮ್ಮ ಸಂಘದ ಒಬ್ಬರು ಪಂಚಾಯತಿ ಚುನಾವಣೆಗೆ ನಿಲ್ಲಬೇಕೆಂದಿದ್ದಾರೆ. ಸಂಸ್ಥೆ ಬೆಂಬಲಿಸಬಹುದೇ?

ಉತ್ತರ: ಅವರು ನಿಲ್ಲಲಿ, ನಿಲ್ಲಲೇಬೇಕು. ನಾಮಪತ್ರ ತುಂಬುವುದು, ಮೀಸಲು ಕ್ಷೇತ್ರ, ಸದಸ್ಯರ ಅಧಿಕಾರ ಇವನ್ನು ಊರಿನ ಎಲ್ಲ ಅಭ್ಯರ್ಥಿಗಳಿಗೂ ಹೇಳಿಕೊಡಿ. ಆದರೆ ಸಂಸ್ಥೆಯ ಜೀಪು, ಕರಪತ್ರ, ದುಡ್ಡು ಒಬ್ಬರ ಪ್ರಚಾರಕ್ಕೆ ಹೋಗಕೂಡದು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ ಇನ್ನಷ್ಟು ಎಚ್ಚರ ಬೇಕು. 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ ಅಭ್ಯರ್ಥಿಗಳಿಗೂ ಶಾಸನಸಭೆಗಳ ಸದಸ್ಯರಿಗೂ ಆ ಹಣವನ್ನು ನಿಷೇಧಿಸುತ್ತದೆ, ಅದರ ವ್ಯಾಖ್ಯೆಯಲ್ಲಿ ‘ಶಾಸನಸಭೆ’ ಎಂದರೆ ಪಂಚಾಯತಿಯೂ ಸೇರುತ್ತದೆ. ಗೆದ್ದ ಮೇಲೂ ಅವರಿಗೆ ಗೌರವಧನ ಕೊಡುವ ಯೋಚನೆಯಿದ್ದರೆ ಮೊದಲು ನಿಮ್ಮ ಆಡಿಟರನ್ನು ಕೇಳಿ.